ಹಳೆಯ ಗಾಲಿಯ ವ್ಯವಹಾರ



ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟ ಏರುವ ಮುನ್ನ ರಾಮನಗುಳಿ ಸಿಗುತ್ತದೆ. ಘಟ್ಟದ ತಿರುವುಗಳನ್ನಿಳಿದು ಇಲ್ಲಿಗೆ ಬರುವ ಪ್ರತಿಯೊಂದು ಕಾರಿನ ಭಾರವೂ ನಾಲ್ಕು ಗಾಲಿಗಳ ಮೇಲೆಯೇ. ಆ ಗಾಲಿಗಳನ್ನು ಅಂಗಡಿಯಲ್ಲಿ ಕೊಳ್ಳದೆ, ಇನ್ನೊಬ್ಬ ಕಾರಿನವರಿಂದ ನೇರವಾಗಿ ಹಳೆಯದನ್ನು ಕೊಂಡಿದ್ದರೆ? ಇಂದಿನ ಮಾತು ಅದನ್ನು ಕುರಿತದ್ದು.

ಸ್ಪೋರ್ಟ್ಸ್ ಕಾರುಗಳಿಗೆ ಉಕ್ಕಿನ ಡಿಸ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹದ ಗಾಲಿ ಹಾಕುತ್ತಾರೆ. ಇದೇ ಅಲಾಯ್ ವೀಲ್. ಗಾಲಿ ಹಗುರವಾದಷ್ಟೂ ಉಬ್ಬು ತಗ್ಗಿನಲ್ಲಿ ಟೈರು ರಸ್ತೆಯನ್ನು ಬಿಡದೆ ಹಿಡಿಯುತ್ತದೆ. ಈಗ ಸಾಮಾನ್ಯ ಕಾರುಗಳಿಗೂ ಇದರ ಆಸೆ ಬಂದಿದೆ. ಕಾರು ಮಾರುವವರು ಮೂಲ ಗಾಲಿಗಳನ್ನು ಮತ್ತೆ ಹಾಕಿ, ಅಲಾಯ್ ಸೆಟ್ಟನ್ನು ಬೇರೆಯಾಗಿ ಮಾರುತ್ತಾರೆ. ಹೊಸದಕ್ಕಿಂತ ಅಗ್ಗವೆಂದು ಕೊಳ್ಳುವವರು ಸಿಗುತ್ತಾರೆ.

ಬೆಲೆಯ ಮಾತಿಗೆ ಮೊದಲು ಅಳತೆಯ ಮಾತು ಆಗಬೇಕು. ಗಾಲಿಯ ಒಳಮೈಯಲ್ಲಿ ಅಚ್ಚೊತ್ತಿದ ಅಂಕಿಗಳಿರುತ್ತವೆ. 15x6 ಎಂದರೆ ವ್ಯಾಸ 15 ಇಂಚು, ಅಗಲ 6 ಇಂಚು. 4x100 ಎಂದರೆ ನಾಲ್ಕು ಬೋಲ್ಟುಗಳು 100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿವೆ. ರ‍್ಯಾಲಿಗಳಲ್ಲಿ ಹೆಸರು ಮಾಡಿದ ಮಾರುತಿ ಜಿಪ್ಸಿಯದು 5x139.7. ಇದರದು ಅದಕ್ಕೆ ಕೂರುವುದಿಲ್ಲ. ‘ಇಟಿ’ ಎಂಬ ಅಂಕಿ ಗಾಲಿ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆಂದು ಹೇಳುತ್ತದೆ. ಅದು ಹೊಂದದಿದ್ದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ. ‘ಸ್ವಲ್ಪ ಅಡ್ಜಸ್ಟ್ ಮಾಡಿದರೆ ಆಗುತ್ತದೆ’ ಎನ್ನುವವರನ್ನು ಅಲ್ಲಿಯೇ ಬಿಡಿ.

ಉಕ್ಕಿನ ಡಿಸ್ಕು ಹೊಂಡಕ್ಕೆ ಬಿದ್ದರೆ ಹೆಚ್ಚಾಗಿ ಬಗ್ಗುತ್ತದೆ. ಮಿಶ್ರಲೋಹ ಬಿರುಕು ಬಿಡಬಹುದು. ಆ ಬಿರುಕು ಕೂದಲೆಳೆಯಷ್ಟೇ ಇದ್ದು, ಹೊರಗೆ ಬಳಿದ ಹೊಸ ಬಣ್ಣದ ಕೆಳಗೆ ಅಡಗಬಲ್ಲದು. ಆದ್ದರಿಂದ ಟೈರು ಬಿಚ್ಚಿಸಿ, ಒಳಮೈ ತೊಳೆಸಿ, ಬಿಸಿಲಿನಲ್ಲಿ ನೋಡಿ. ತೆಂಗಿನಕಾಯಿಯನ್ನು ಬಡಿದು ನೋಡುವಂತೆ ಮರದ ತುಂಡಿನಿಂದ ಬಡಿದರೆ ಒಡಕು ಗಾಲಿ ಮಂಕಾಗಿ ದನಿಗೊಡಬಹುದು. ಇಂಪಾದ ದನಿ ಬಂತೆಂದು ನಿಶ್ಚಿಂತರಾಗುವಂತಿಲ್ಲ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿದಾಗ ಓಲಾಟವೂ ಕಾಣುತ್ತದೆ. ವೆಲ್ಡಿಂಗ್ ಮಾಡಿದ ಗಾಲಿಯನ್ನು ನಾನಂತೂ ಪುಕ್ಕಟೆ ಕೊಟ್ಟರೂ ಒಲ್ಲೆ. ಆ ಬಿಸಿಗೆ ಸುತ್ತಲಿನ ಲೋಹದ ಬಲ ಕುಂದಿರುತ್ತದೆ. ಜೊತೆಗೆ ಟೈರು ಬಂದರೆ ಅದರ ಪಕ್ಕದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು. ಗೆರೆ ಸವೆಯದಿದ್ದರೂ ರಬ್ಬರು ಮುದಿಯಾಗಿದೆ.

ಇನ್ನು ಒಡೆತನದ ವಿಚಾರ. ಗಾಲಿಗೆ ಆರ್.ಸಿ. ಪುಸ್ತಕವಿಲ್ಲ, ನಿಲ್ಲಿಸಿದ ಕಾರಿನಿಂದ ಕಳಚುವುದೂ ಕಷ್ಟವಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡವನಿಗೆ ಒಡೆತನ ಬರುವುದಿಲ್ಲ. ಕದ್ದ ಮಾಲೆಂದು ತಿಳಿದೂ ಅಪ್ರಾಮಾಣಿಕವಾಗಿ ಪಡೆದರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಮೂರು ವರ್ಷದವರೆಗೆ ಸಜೆಯಾಗಬಹುದು. ‘ತಿಳಿದಿರಲಿಲ್ಲ’ ಎಂದರೆ ಸಾಲದು. ಸಂಶಯಕ್ಕೆ ಕಾರಣವಿತ್ತೇ ಎಂಬುದನ್ನೂ ನ್ಯಾಯಾಲಯ ನೋಡುತ್ತದೆ. ರಸ್ತೆ ಬದಿಯಲ್ಲಿ ಡಿಕ್ಕಿ ತೆರೆದು, ತೀರ ಕಡಿಮೆ ಬೆಲೆ ಹೇಳಿ ಅವಸರಪಡಿಸುವುದು ಅಂಥ ಒಂದು ಕಾರಣ.

ಮಾರುವವರು ನೀವಾದರೆ, ಗಾಲಿ ಯಾವ ಕಾರಿನದು, ಎಲ್ಲಿ ಪೆಟ್ಟು ಬಿದ್ದಿದೆ, ರಿಪೇರಿಯಾಗಿದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಹೆಸರು, ವಿಳಾಸ, ತಾರೀಖು, ಮೊತ್ತ ಸೇರಿಸಿ ಇಬ್ಬರೂ ಸಹಿ ಮಾಡಿ. ಪೆಟ್ಟು ಬಿದ್ದದ್ದನ್ನು ಹೇಳಿದರೆ ನೂರಿನ್ನೂರು ಕಡಿಮೆಯಾಗಬಹುದು. ಹೇಳದೆ ಕೊಟ್ಟರೆ ಘಟ್ಟದಲ್ಲಿ ಆ ಕಾರಿನೊಳಗೆ ಕೂತವರ ಪಾಡೇನು?

ಗಾಲಿ ಹಾಕಿಸಿದ ದಿನ ಅದಕ್ಕೆ ತಕ್ಕ ನಟ್ಟುಗಳನ್ನೇ ಕೇಳಿ ಪಡೆಯಿರಿ. ಉಕ್ಕಿನ ಡಿಸ್ಕಿನವು ಎಷ್ಟೋ ಸಲ ಸರಿಯಾಗಿ ಕೂರುವುದಿಲ್ಲ. ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಿಗಿಯನ್ನು ಮತ್ತೊಮ್ಮೆ ನೋಡಿಸಬೇಕು. ಅಂಕೋಲೆಯಲ್ಲಿ ಹಾಕಿಸಿ ಹೊರಟವರಿಗೆ ಅದು ಹುಬ್ಬಳ್ಳಿ ತಲುಪುವ ಮೊದಲೇ ಬರುವ ಕೆಲಸ.