ಬಳ್ಳಿಯೂ ನುಡಿಯೂ



ಕೃಷ್ಣಾ ತೀರದ ಐನಾಪುರದಲ್ಲಿ ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುತ್ತವೆ. ಎರಡಕ್ಕೂ ಲಿಪಿಯುಂಟು, ಶಾಲೆಯುಂಟು, ಒಂದೊಂದು ರಾಜ್ಯದ ಆಸರೆಯುಂಟು. ಇದೇ ಕರ್ನಾಟಕದ ಕರಾವಳಿಯಲ್ಲಿ ಇವಾವುವೂ ಇಲ್ಲದೆ ಸದ್ದಿಲ್ಲದೆ ಸೊರಗುತ್ತಿರುವುದು ಕೊರಗರ ನುಡಿ.

2011ರ ಜನಗಣತಿಯಂತೆ ರಾಜ್ಯದ ಕೊರಗರು 14,794. ಆ ನುಡಿಯನ್ನಾಡುವವರು ಇನ್ನೂ ಕಡಿಮೆ. ಡಿ.ಎನ್. ಶಂಕರ ಭಟ್ಟರು 1971ರಲ್ಲಿಯೇ ಅದರ ಕುರಿತು ಗ್ರಂಥ ಪ್ರಕಟಿಸಿದರು. ಆದರೆ ಗ್ರಂಥದಿಂದಷ್ಟೇ ನುಡಿ ಬದುಕದು. ಹೊರಗಿನವರೊಡನೆ ಕೊರಗರು ಆಡುವುದು ತುಳುವನ್ನೋ ಕನ್ನಡವನ್ನೋ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯನ್ನು ಕಾಯಿದೆ ನಿಷೇಧಿಸಿದ್ದು 2000ದಲ್ಲಿ. ಜನರಿಗೆ ಮರ್ಯಾದೆಯಿಲ್ಲದಲ್ಲಿ ಅವರ ಮಾತು ಮನೆಯೊಳಗೇ ಅಡಗುತ್ತದೆ.

ಕಾಡಿನ ಬಳ್ಳಿ, ಬೆತ್ತಗಳಿಂದ ಬುಟ್ಟಿ ಹೆಣೆಯುವುದು ಅವರ ಕುಲಕಸುಬು. ಕಾಡು ಕರಗಿತು, ಬಳ್ಳಿ ದೂರವಾಯಿತು, ಮನೆಮನೆಗೆ ಪ್ಲಾಸ್ಟಿಕ್ ಬುಟ್ಟಿ ಬಂದಿತು. ಕಸುಬು ನಿಂತ ಮನೆಯಲ್ಲಿ ಬಳ್ಳಿಗಳ, ಹೆಣಿಗೆಗಳ ಹೆಸರನ್ನು ಮಗು ಯಾರಿಂದ ಕೇಳಬೇಕು?

ವಿದ್ಯಾರ್ಥಿಗಳೇ, ಕಾಡಿನ ಗಿಡಬಳ್ಳಿಗಳ ಪಟ್ಟಿ ಮಾಡುವಾಗ ಲ್ಯಾಟಿನ್ ಹೆಸರಿನ ಪಕ್ಕದಲ್ಲಿ, ಬುಟ್ಟಿ ಹೆಣೆಯುವ ಅಜ್ಜಿಯ ಒಪ್ಪಿಗೆ ಪಡೆದು, ಆಕೆ ಹೇಳುವ ಹೆಸರನ್ನೂ ಬರೆಯಿರಿ. ಆಗ ಆಕೆಯ ಮೊಮ್ಮಗುವೂ ಜತೆಗಿರಲಿ. ಪಟ್ಟಿಯಲ್ಲಿ ಉಳಿದ ಹೆಸರು ದಾಖಲೆ ಮಾತ್ರ. ಆ ಮಗುವಿನ ನಾಲಿಗೆಯಲ್ಲಿ ಉಳಿದದ್ದೇ ನುಡಿ.