ಸಿಮ್ಮಿನ ಲೆಕ್ಕವೂ ಜನರ ಲೆಕ್ಕವೂ

(ಹೊನ್ನಾಳಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಆಡಿದ ಮಾತು)



ದೇಶದಲ್ಲಿ 115 ಕೋಟಿಗೂ ಮಿಕ್ಕಿ ಮೊಬೈಲ್ ಸಂಪರ್ಕಗಳಿವೆ ಎಂದು ಸರ್ಕಾರ ಹೇಳುತ್ತದೆ. ಸುಳ್ಳಲ್ಲ. ಆದರೆ ಅದು ಸಿಮ್ಮುಗಳ ಲೆಕ್ಕ, ಜನರ ಲೆಕ್ಕವಲ್ಲ. ಪಟ್ಟಣಗಳಲ್ಲಿ ನೂರು ಜನಕ್ಕೆ 125ಕ್ಕೂ ಹೆಚ್ಚು ಸಂಪರ್ಕಗಳಿದ್ದರೆ, ಹಳ್ಳಿಗಳಲ್ಲಿ 60ರ ಆಸುಪಾಸು. ಪೇಟೆಯ ಗುತ್ತಿಗೆದಾರನ ಜೇಬಿನಲ್ಲಿ ಎರಡು ಸಿಮ್ಮು. ಅವನ ಗದ್ದೆಯಲ್ಲಿ ನಾಟಿ ಮಾಡುವವಳ ಬಳಿ ಒಂದೂ ಇಲ್ಲ. ಕೂಡಿ ಭಾಗಿಸಿದರೆ ಇಬ್ಬರಿಗೂ ಒಂದೊಂದು! ಇಂಥ ಸರಾಸರಿಯ ಲೆಕ್ಕಗಳನ್ನು ನಾವು ಮೇಷ್ಟರಾಗಿದ್ದಾಗ ಕರಿಹಲಗೆಯ ಮೇಲೆ ಎಷ್ಟೋ ಬಿಡಿಸಿದ್ದೇವೆ; ಅವುಗಳ ಮರ್ಮ ನಮಗೆ ಗೊತ್ತು.

ಒಂದು ಕಾಲಕ್ಕೆ ಫೋನಿಗೆ ಅರ್ಜಿ ಹಾಕಿದವನು ವರ್ಷಗಟ್ಟಲೆ ಕಾಯಬೇಕಿತ್ತು. 1984ರಲ್ಲಿ ಸರ್ಕಾರವೇ ಕಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಯ ಧೂಳು, ಸೆಕೆಗಳನ್ನು ತಾಳಬಲ್ಲ, ಎ.ಸಿ. ಬೇಡದ ಪುಟ್ಟ ಎಕ್ಸ್‌ಚೇಂಜನ್ನು ತಯಾರಿಸಿತು. ಅದು ಮೊದಲು ನಿಂತದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಆಮೇಲೆ ಊರೂರಿನ ಬಸ್ ನಿಲ್ದಾಣದ ಬದಿಗೆ ಎಸ್‌.ಟಿ.ಡಿ. ಬೂತಿನ ಹಳದಿ ಬೋರ್ಡು ಬಂತು. ಬಡವನು ಫೋನು ಕೊಳ್ಳದೆಯೇ ಫೋನು ಮಾಡಿದ. ಬೂತು ಇಟ್ಟವನಿಗೂ ಅನ್ನ ಸಿಕ್ಕಿತು.

ಪ್ರಪಂಚದಲ್ಲಿ ಮೊಬೈಲು ತಂತಿಯ ಫೋನನ್ನು ಹಿಂದಿಕ್ಕಿದ್ದು 2002ರಲ್ಲಿ, ಭಾರತದಲ್ಲಿ 2004ರಲ್ಲಿ. ಅಮೆರಿಕದಲ್ಲಿ ಮನೆಮನೆಗೂ ತಂತಿ ಮುಟ್ಟಿದ ಮೇಲೆ ಮೊಬೈಲು ಬಂತು. ಆಫ್ರಿಕದ ಬಹುಪಾಲು ಹಳ್ಳಿಗಳಿಗೆ ತಂತಿ ಹೋಗಲೇ ಇಲ್ಲ, ನೇರವಾಗಿ ಮೊಬೈಲೇ ಹೋಯಿತು. ನಮ್ಮಲ್ಲಿ ತಂತಿಯ ಫೋನು ಐದು ಕೋಟಿಯ ಹತ್ತಿರ ಏರಿ, 2006ರ ಸುಮಾರಿಗೆ ಇಳಿಯತೊಡಗಿತು. ಈಚೆಗೆ ಮತ್ತೆ ಏರುತ್ತಿದೆ. ಅದು ಮಾತಿಗಲ್ಲ, ಇಂಟರ್ನೆಟ್ಟಿಗೆ, ಹೆಚ್ಚಾಗಿ ಪಟ್ಟಣಗಳಲ್ಲೇ.

ಆದರೆ ನಮ್ಮ ಜೇಬಿಗೆ ತಟ್ಟಿದ ಬದಲಾವಣೆ ಬೇರೆ. ತಂತಿಯ ಫೋನಿಗೆ ಮಾತಾಡಿದ ಮೇಲೆ ಬಿಲ್ಲು ಬರುತ್ತಿತ್ತು. ಮೊಬೈಲಿಗೆ ಮಾತಿಗೆ ಮೊದಲೇ ಹಣ ಕಟ್ಟಬೇಕು. ಅದರಲ್ಲೂ ಕಂಪನಿಯ ತಿಂಗಳೆಂದರೆ 28 ದಿನ! ವರ್ಷಕ್ಕೆ ಹದಿಮೂರು ತಿಂಗಳು. ಗಿರಣಿಯ ಧಣಿ ವರ್ಷಕ್ಕೆ ಹದಿಮೂರು ಸಂಬಳ ಕೊಡುತ್ತಾನೆಯೇ? 30 ದಿನದ ಯೋಜನೆ ಒಂದಾದರೂ ಇರಲೇಬೇಕೆಂದು ಟ್ರಾಯ್ ಆಜ್ಞೆ ಮಾಡಿದ್ದು 2022ರಲ್ಲಿ. 2024ರ ಜುಲೈಯಲ್ಲಿ ದೊಡ್ಡ ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದವು. ಅನೇಕರು ಸರ್ಕಾರಿ ಬಿ.ಎಸ್‌.ಎನ್‌.ಎಲ್‌. ಕಡೆಗೆ ಓಡಿದರು. ಅಲ್ಲಿನ ಸುಮಾರು 78 ಸಾವಿರ ನೌಕರರನ್ನು ಸ್ವಯಂ ನಿವೃತ್ತಿಯ ಹೆಸರಿನಲ್ಲಿ 2020ರಲ್ಲೇ ಮನೆಗೆ ಕಳಿಸಿಯಾಗಿತ್ತು!

ಇಂಟರ್ನೆಟ್ ಬೇಡದವರಿಗೆ ಬರೀ ಮಾತು, ಎಸ್‌.ಎಂ.ಎಸ್‌.ಗಳ ಯೋಜನೆ ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ನಿಯಮವಾಗಿದೆ. ರೀಚಾರ್ಜ್ ಅಂಗಡಿ ಇಟ್ಟಿರುವ ವ್ಯಾಪಾರಿ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ಈ ಯೋಜನೆಯನ್ನೂ 30 ದಿನದ್ದನ್ನೂ, ದರ ಸಮೇತ ಕನ್ನಡದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕಿ. ಬಟನ್ ಫೋನು ಹಿಡಿದು ಬರುವ ಹಮಾಲಣ್ಣನಿಗೆ ಓದಲು ಬಾರದಿದ್ದರೆ, ನೀವೇ ಓದಿ ಹೇಳಿ.