ಹಾಡುಗಾರನಿಲ್ಲದ ಹಾಡು: ಲಂಡನ್ನಿನ 'ಶಾಡೋಸ್' ಮತ್ತು ಅರಸೀಕೆರೆಯ ಆರ್ಕೆಸ್ಟ್ರಾ

ಇಯರ್‌ಫೋನ್ ಹಾಕ್ಕೊಂಡಿದ್ರೆ ಒಳ್ಳೇದು. ಯಾಕಂದ್ರೆ ಇವತ್ತಿನ ಮಾತು ಪೂರ್ತಿ ಒಂದು ಸದ್ದಿನ ಬಗ್ಗೆ.

1960ರಲ್ಲಿ ಬ್ರಿಟನ್‌ನಲ್ಲಿ ಒಂದು ರೆಕಾರ್ಡ್ ಬಂತು. ಹೆಸರು 'ಅಪಾಚೆ'. ನುಡಿಸಿದ್ದು 'ದಿ ಶಾಡೋಸ್' ಅನ್ನೋ ನಾಲ್ಕು ಹುಡುಗರ ಗುಂಪು. ಅದರಲ್ಲಿ ಹಾಡುಗಾರ ಇಲ್ಲ, ಸಾಹಿತ್ಯ ಇಲ್ಲ. ಒಂದು ಗಿಟಾರ್ ರಾಗ ನುಡಿಸುತ್ತೆ, ಇನ್ನೊಂದು ಗಿಟಾರ್ ಅದಕ್ಕೆ ಆಸರೆಯಾಗಿ ಮೀಟುತ್ತೆ, ಕೆಳಗೆ ಬೇಸ್ ಗಿಟಾರ್, ಹಿಂದೆ ಡ್ರಮ್ಸ್. ಅಷ್ಟೇ. ಅದು ಐದು ವಾರ ಬ್ರಿಟನ್‌ನ ಪಟ್ಟಿಯಲ್ಲಿ ನಂಬರ್ ಒನ್ ಆಗಿ ಕೂತಿತ್ತು. ಆ ಜಾಗದಿಂದ ಅದು ಕೆಳಗಿಳಿಸಿದ್ದು ಯಾರ ಹಾಡನ್ನ ಗೊತ್ತಾ? ಕ್ಲಿಫ್ ರಿಚರ್ಡ್ ಅವರದ್ದನ್ನ. ಕ್ಲಿಫ್ ಅಂದ್ರೆ ಇವರ ಯಜಮಾನ ಇದ್ದ ಹಾಗೆ. ಅವರು ಮುಂದೆ ನಿಂತು ಹಾಡೋರು, ಈ ನಾಲ್ವರು ಹಿಂದೆ ನಿಂತು ನುಡಿಸೋರು. ಶಾಡೋಸ್ ಅಂದ್ರೆ ನೆರಳುಗಳು, ಹೆಸರೇ ಹೇಳುತ್ತಲ್ಲ. ಅಂದ ಹಾಗೆ ಈ ಕ್ಲಿಫ್ ರಿಚರ್ಡ್ ಹುಟ್ಟಿದ್ದು ನಮ್ಮ ಲಖನೌದಲ್ಲಿ, 1940ರಲ್ಲಿ. ಅವರ ಕುಟುಂಬ ಇಂಗ್ಲೆಂಡಿಗೆ ಹೋಗಿದ್ದು ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ.

ಆ ರೆಕಾರ್ಡ್‌ನಲ್ಲಿ ಲೀಡ್ ಗಿಟಾರ್ ನುಡಿಸಿದ ಹ್ಯಾಂಕ್ ಮಾರ್ವಿನ್‌ಗೆ ಆಗ ಹದಿನೆಂಟು ವರ್ಷ. ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು. ನ್ಯೂಕ್ಯಾಸಲ್ ಅನ್ನೋ ಊರಿಂದ ಗೆಳೆಯ ಬ್ರೂಸ್ ವೆಲ್ಚ್ ಜೊತೆ ಲಂಡನ್ನಿಗೆ ಬಂದಿದ್ದ ಕನ್ನಡಕದ ಹುಡುಗ. ಅವನ ಕೈಲಿ ಇದ್ದ ಕೆಂಪು ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರನ್ನ 1959ರಲ್ಲಿ ಅಮೆರಿಕದಿಂದ ತರಿಸಿಕೊಟ್ಟಿದ್ದು ಕ್ಲಿಫ್. ಅದರ ಜೊತೆ ಇಟಲಿಯ ಒಂದು ಎಕೋ ಯಂತ್ರ ಸೇರ್ಕೊಂಡಿತು. ನುಡಿಸಿದ ಸ್ವರವನ್ನ ಆ ಯಂತ್ರ ಅಲ್ಲೇ ರೆಕಾರ್ಡ್ ಮಾಡ್ಕೊಂಡು, ಕ್ಷಣ ಬಿಟ್ಟು ಮತ್ತೆ ಕೇಳಿಸುತ್ತೆ. ಬಾವಿಯೊಳಗೆ ಕೂಗಿದ್ರೆ ದನಿ ವಾಪಸ್ ಬರುತ್ತಲ್ಲ, ಹಾಗೆ.

ಇದರ ಪ್ರಭಾವ ಎಷ್ಟು ದೂರ ಹೋಯ್ತು ಅಂತ ಹೇಳೋಕೆ ದೊಡ್ಡ ಪಟ್ಟಿ ಬೇಡ. ಬೀಟಲ್ಸ್ ಇನ್ನೂ ಹ್ಯಾಂಬರ್ಗ್‌ನಲ್ಲಿ ಒದ್ದಾಡ್ತಿದ್ದಾಗ, 1961ರಲ್ಲಿ, ಶಾಡೋಸ್ ಶೈಲಿಯಲ್ಲೇ ಒಂದು ವಾದ್ಯ ಸಂಗೀತ ರೆಕಾರ್ಡ್ ಮಾಡಿ ಅದಕ್ಕೆ 'ಕ್ರೈ ಫಾರ್ ಎ ಶಾಡೋ' ಅಂತ ಹೆಸರಿಟ್ಟರು. ಕ್ವೀನ್ ತಂಡದ ಬ್ರಯಾನ್ ಮೇ, ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್, ಮಾರ್ಕ್ ನಾಫ್ಲರ್, ಇವರೆಲ್ಲರ ಮೇಲೂ ಹ್ಯಾಂಕ್ ಮಾರ್ವಿನ್ ಪ್ರಭಾವ ಇದೆ. ಇನ್ನೊಂದು ದಾರಿ ಇದಕ್ಕಿಂತ ತಮಾಷೆಯಾಗಿದೆ. 1973ರಲ್ಲಿ ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡ್ ಅನ್ನೋರು 'ಅಪಾಚೆ'ಯನ್ನ ಭರ್ಜರಿ ಡ್ರಮ್ಸ್ ಹಾಕಿ ಮತ್ತೆ ಮಾಡಿದರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಅದರ ಡ್ರಮ್ಸ್ ಭಾಗವನ್ನಷ್ಟೇ ಎಳೆದೂ ಎಳೆದೂ ಹಾಕಿದ, ಜನ ಅದಕ್ಕೆ ಕುಣಿದರು. ಅದನ್ನೇ ಈಗ ಹಿಪ್‌ಹಾಪ್‌ನ ರಾಷ್ಟ್ರಗೀತೆ ಅಂತಾರೆ. ಅಂದ್ರೆ ನೀವು ಕನ್ನಡ ರ‍್ಯಾಪ್ ಕೇಳ್ತಾ ತಲೆ ಆಡಿಸುವಾಗ್ಲೂ ಆ ವಂಶವೃಕ್ಷದ ಯಾವುದೋ ಬೇರಲ್ಲಿ ಮಾತೇ ಇಲ್ಲದ ಆ ಟ್ಯೂನ್ ಇದೆ.

ಸರಿ, ಇದಕ್ಕೂ ಅರಸೀಕೆರೆಗೂ ಏನು ಸಂಬಂಧ ಅಂತೀರಾ?

ನಾನು ಅರಸೀಕೆರೆಯವನು. ನಮ್ಮದು ಕೊಬ್ಬರಿ ಮಾರ್ಕೆಟ್ಟಿನ ಊರು, ರೈಲ್ವೆ ಜಂಕ್ಷನ್ನಿನ ಊರು. ಬೆಂಗಳೂರು–ಹುಬ್ಬಳ್ಳಿ ದಾರಿಯಲ್ಲಿ ಹೋಗೋರು ಹಾಸನ, ಮೈಸೂರಿನ ಕಡೆಗೆ ಇಲ್ಲೇ ರೈಲು ಬದಲಾಯಿಸಬೇಕು. ಗಣಪತಿ ಹಬ್ಬ ಬಂತು ಅಂದ್ರೆ ಆರ್ಕೆಸ್ಟ್ರಾ. ನಮ್ಮೂರಲ್ಲಿ ಮಾತ್ರ ಅಲ್ಲ. ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಹೋಗಿ, ಅಲ್ಲಿಂದ ಬೇಲೂರಿಗೆ ಹೋಗಿ, ಜಾತ್ರೆಯೋ ರಾಜ್ಯೋತ್ಸವವೋ ಏನಾದರೊಂದು ನೆಪಕ್ಕೆ ಪೆಂಡಾಲ್ ಎದ್ದರೆ ಅಲ್ಲೂ ಇದೇ. ನೋಡಿರೋರಿಗೆ ಗೊತ್ತು: ಗಾಯಕ ಗಾಯಕಿಯರು ಮೊದಲೇ ವೇದಿಕೆಗೆ ಬರಲ್ಲ. ಜನ ಇನ್ನೂ ಚಾಪೆ ಹಾಸ್ತಾ ಇರ್ತಾರೆ, ಮಕ್ಕಳು ಕಡ್ಲೆಪುರಿಗೆ ಅಳ್ತಾ ಇರ್ತಾರೆ. ಆಗ ಬರೀ ವಾದ್ಯದವರು ಒಂದು ಟ್ಯೂನ್ ಶುರು ಮಾಡ್ತಾರೆ. ಲೀಡ್ ಗಿಟಾರಿನವನು ಒಂದು ಹೆಜ್ಜೆ ಮುಂದೆ ಬಂದು ಯಾವುದೋ ಸಿನಿಮಾ ಹಾಡನ್ನ ತಂತಿ ಮೇಲೆ ಹಾಡಿಸ್ತಾನೆ. ಪಕ್ಕದಲ್ಲಿ ರಿದಂ ಗಿಟಾರ್, ಬೇಸ್, ಡ್ರಮ್ಸ್. ಅದೇ ನಾಲ್ಕು ಜನ, ಅದೇ ಜಾಗ. ಲಂಡನ್ನಿನ ಹುಡುಗರು ಹಾಕಿಕೊಟ್ಟ ಪಂಕ್ತಿಯಲ್ಲೇ ನಮ್ಮೋರೂ ನಿಲ್ತಾ ಇದ್ದರು.

ಎಕೋ ಅಂತೂ ಕೇಳಲೇಬೇಡಿ. ಹ್ಯಾಂಕ್ ಮಾರ್ವಿನ್ ಅದನ್ನ ಉಪ್ಪಿನ ಹಾಗೆ ಹಾಕಿದ್ದ, ನಮ್ಮ ಮೈಕ್‌ಸೆಟ್‌ನೋರು ಅನ್ನದ ಹಾಗೆ ಹಾಕ್ತಾರೆ. 'ಹಲೋ ಮೈಕ್ ಟೆಸ್ಟಿಂಗ್' ಅಂದ್ರೆ ಅದು ಕೆರೆ ಏರಿ ತನಕ ಹೋಗಿ ನಾಲ್ಕು ಸಲ ವಾಪಸ್ ಬರುತ್ತೆ.

ಈ ಶೈಲಿ ನಮ್ಮ ಕಡೆ ಇಷ್ಟು ಸಲೀಸಾಗಿ ಬೇರು ಬಿಟ್ಟಿದ್ದು ಯಾಕೆ? ನನಗನ್ನಿಸೋದು ಇದು. ನಮ್ಮ ಕಿವಿಗೆ ಮಾತಿಲ್ಲದ ಹಾಡು ಹೊಸದಲ್ಲ. ನಾಗಸ್ವರ ನುಡಿಸುವಾಗ ಅಜ್ಜಿ ಅದರ ಜೊತೆ ಸಾಹಿತ್ಯ ಗುನುಗ್ತಾಳೆ. ವೀಣೆಯಲ್ಲಿ ಕೃತಿ ಬಂದ್ರೆ ತಿಳಿದವರಿಗೆ ಒಳಗೇ ಪದ ಕೇಳಿಸುತ್ತೆ. ವಾದ್ಯ ಹಾಡಬೇಕು ಅನ್ನೋದು ಇಲ್ಲಿನ ಹಳೇ ನಿರೀಕ್ಷೆ. ಅಮೆರಿಕದ ಬೇರೆ ರಾಕ್ ಗಿಟಾರಿನಲ್ಲಿ ಆರ್ಭಟ ಜಾಸ್ತಿ, ಶಾಡೋಸ್‌ದು ಒಂದೇ ಎಳೆಯ ರಾಗ, ಸ್ಪಷ್ಟವಾಗಿ, ಉಸಿರು ತಗೊಂಡು ಹಾಡಿದ ಹಾಗೆ. ಜೊತೆಗೆ ಆ ಸ್ಟ್ರಾಟೋಕಾಸ್ಟರಿನಲ್ಲಿ ಸೇತುವೆಗೆ ಸಿಕ್ಕಿಸಿದ ಒಂದು ಲೋಹದ ಕಡ್ಡಿ ಇರುತ್ತೆ. ಅದನ್ನ ಒತ್ತಿದ್ರೆ ಎಲ್ಲ ತಂತಿಗಳೂ ಸಡಿಲವಾಗಿ ಸ್ವರ ಬಳುಕುತ್ತೆ. ಸ್ವರ ಅಲುಗದೆ ನಿಂತ್ರೆ ನಮ್ಮೋರಿಗೆ ಸಪ್ಪೆ. ಬಳುಕಿದ್ರೆ ಅದು ಗಮಕದ ನೆಂಟನ ಥರ ಕೇಳುತ್ತೆ. ಶಾಸ್ತ್ರ ಗೊತ್ತಿರೋರು ಇದನ್ನ ಒಪ್ಪಲಿಕ್ಕಿಲ್ಲ, ಪರವಾಗಿಲ್ಲ.

ಇನ್ನೊಂದು ದಾರಿ ಮದ್ರಾಸಿನದು. ಆಗ ನಮ್ಮ ಸಿನಿಮಾ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗ್ತಾ ಇದ್ದಿದ್ದು ಅಲ್ಲೇ. ಅರವತ್ತರ ದಶಕದ ಮದ್ರಾಸಿನಲ್ಲಿ ಶಾಡೋಸ್ ಟ್ಯೂನ್‌ಗಳನ್ನ ನುಡಿಸೋ ಬೀಟ್ ಗ್ರೂಪ್‌ಗಳೂ ಇದ್ದವು. 1968ರಲ್ಲಿ ದೊರೆ–ಭಗವಾನ್ ಜೋಡಿ 'ಜೇಡರ ಬಲೆ' ತೆಗೆದರು. ಅಣ್ಣಾವ್ರು ಸಿಐಡಿ 999, ಪಕ್ಕಾ ಜೇಮ್ಸ್ ಬಾಂಡ್ ಮಾದರಿ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999' ಕೂಡ ಬಂತು. ಎರಡಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ಅದೇ ಹೊತ್ತಿಗೆ ಒಬ್ಬ ಯುವಕ ತಮಿಳುನಾಡಿನ ಹಳ್ಳಿಯಿಂದ ಮದ್ರಾಸಿಗೆ ಬಂದ. ಅಣ್ಣನ ತಂಡದ ಜೊತೆ ಊರೂರು ಅಲೆದು ನುಡಿಸಿದ್ದವನು. ಮದ್ರಾಸಿನಲ್ಲಿ ಗಿಟಾರ್ ನುಡಿಸ್ತಾ, ಆಮೇಲೆ ಜಿ.ಕೆ. ವೆಂಕಟೇಶ್ ಅವರ ಸಹಾಯಕನಾಗಿ ಸುಮಾರು ಇನ್ನೂರು ಸಿನಿಮಾಗಳಿಗೆ ದುಡಿದ. ಅವುಗಳಲ್ಲಿ ಹೆಚ್ಚಿನವು ಕನ್ನಡದವು. 1976ರಲ್ಲಿ ಅವನದೇ ಮೊದಲ ಸಿನಿಮಾ 'ಅನ್ನಕಿಳಿ' ಬಂತು. ಹೌದು, ಇಳಯರಾಜಾ.

ನನ್ನನ್ನ ಕಾಡೋ ವಿಷಯ ಇಲ್ಲಿಂದ ಶುರುವಾಗುತ್ತೆ. ಇಳಯರಾಜಾ ಗಿಟಾರ್ ನುಡಿಸ್ತಿದ್ದರು ಅಂತ ನಮಗೆ ಗೊತ್ತಿರೋದು ಅವರು ಮುಂದೆ ಇಳಯರಾಜಾ ಆದ್ದರಿಂದ. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಯಾರು? ಬೇಸ್ ಯಾರದ್ದು? ಎಷ್ಟೋ ಕನ್ನಡ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ಮಧ್ಯೆ ಬರೋ ಗಿಟಾರ್ ತುಣುಕು ನಮಗೆ ಬಾಯಿಪಾಠ. ನುಡಿಸಿದವರ ಹೆಸರು ಟೈಟಲ್ ಕಾರ್ಡಲ್ಲಿ ಇರ್ತಿರಲಿಲ್ಲ, ರೆಕಾರ್ಡಿನ ಮೇಲೂ ಇರ್ತಿರಲಿಲ್ಲ. ಇದು ನಮ್ಮಲ್ಲಿ ಮಾತ್ರ ಅಂತ ಅಲ್ಲ. ಬಾಂಡ್ ಚಿತ್ರಗಳ ಆ ಪ್ರಸಿದ್ಧ ಗಿಟಾರ್ ಇದೆಯಲ್ಲ, 1962ರ 'ಡಾಕ್ಟರ್ ನೋ' ಚಿತ್ರದ್ದು, ಅದನ್ನ ನುಡಿಸಿದ್ದು ವಿಕ್ ಫ್ಲಿಕ್. ಶಾಡೋಸ್ ಕಾಲದ್ದೇ ಇನ್ನೊಂದು ಬ್ರಿಟಿಷ್ ವಾದ್ಯ ತಂಡ, ಜಾನ್ ಬ್ಯಾರಿ ಸೆವೆನ್, ಅದರ ಗಿಟಾರಿಸ್ಟ್. ಟ್ಯೂನಿನ ಹಕ್ಕು ಮಾಂಟಿ ನಾರ್ಮನ್ ಅವರದು, ವಾದ್ಯ ಸಂಯೋಜನೆಗೆ ಜಾನ್ ಬ್ಯಾರಿ ಹೆಸರಾದರು. ವಿಕ್ ಫ್ಲಿಕ್‌ಗೆ ಸಿಕ್ಕಿದ್ದು ಆ ಕೆಲಸದ ಒಂದು ಸಲದ ಕೂಲಿ. ಇನ್ನೂ ಮಜಾ ಏನಂದ್ರೆ, ಮಾಂಟಿ ನಾರ್ಮನ್ ಆ ಟ್ಯೂನನ್ನ ಮೊದಲು ಮಾಡಿದ್ದು ವಿ.ಎಸ್. ನೈಪಾಲ್ ಅವರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯ ಸಂಗೀತ ನಾಟಕಕ್ಕೆ. ಟ್ರಿನಿಡಾಡ್‌ನ ಭಾರತೀಯರ ಕತೆ ಅದು. ನಾಟಕ ರಂಗಕ್ಕೆ ಬರಲೇ ಇಲ್ಲ, ಟ್ಯೂನ್ ಬಾಂಡ್ ಪಾಲಾಯ್ತು.

ಹೆಸರಿನ ವಿಚಾರಕ್ಕೆ ಬಂದ್ರೆ ನಮ್ಮ ಬೇಲೂರು ಹಳೇಬೀಡಿನ ಕಲ್ಲುಕುಟಿಗರು ಎಷ್ಟೋ ಮುಂದಿದ್ದರು. ಬೇಲೂರಿನ ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು. ಅಲ್ಲಿ ಮದನಿಕೆಯರ ಜೊತೆ ಸೆಲ್ಫಿ ತಗೊಳ್ಳೋರು ಸ್ವಲ್ಪ ಕೆಳಗೂ ನೋಡಿ. ಕೆಲವು ಶಿಲ್ಪಗಳ ಪೀಠದಲ್ಲಿ ಹಳಗನ್ನಡದ ಅಕ್ಷರ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇಂಥಾ ಊರಿನವನು, ಇಂಥವನ ಮಗ, ಇದನ್ನ ಮಾಡಿದೆ ಅಂತ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯಲ್ಲೂ ರೇವೋಜ, ಮಾಬಲ ಅಂತ ಹೆಸರುಗಳಿವೆ. ಅದೇ ಗೋಡೆಗಳಲ್ಲಿ ಮದ್ದಳೆ ಬಾರಿಸೋರು, ಕೊಳಲು ಊದೋರು, ತಾಳ ಹಾಕೋರು ಸಾಲುಸಾಲಾಗಿ ನಿಂತಿದ್ದಾರೆ. ಅವರಿಗೆ ಹೆಸರಿಲ್ಲ. ಕೆತ್ತಿದವನ ಹೆಸರು ಎಂಟುನೂರು, ಒಂಬೈನೂರು ವರ್ಷ ಉಳೀತು, 2023ರಲ್ಲಿ ಯುನೆಸ್ಕೋ ಪಟ್ಟಿವರೆಗೂ ಹೋಯ್ತು. ನುಡಿಸಿದವನದು ಹೋಯ್ತು. ಕಲ್ಲು ನಿಲ್ಲುತ್ತೆ, ಸದ್ದು ನಿಲ್ಲಲ್ಲ, ಹಾಗಾಗಿ ಅಂತ ಹೇಳಬಹುದು. ಆದರೆ ರೆಕಾರ್ಡ್ ಬಂದ ಮೇಲೆ ಆ ನೆಪ ನಡೆಯಲ್ಲ ಅಲ್ವಾ?

ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ನಾನು ಮಾಮ ಅಂತ ಕರೆಯೋದು. ವರ್ಷಗಟ್ಟಲೆ ಆರ್ಕೆಸ್ಟ್ರಾದಲ್ಲಿ ಲೀಡ್ ನುಡಿಸಿದವರು. ಹೋದ ತಿಂಗಳು ಅವರಿಗೆ ಫೋನಿನಲ್ಲಿ 'ಅಪಾಚೆ' ಹಾಕಿ ಕೇಳಿಸಿದೆ. ನಾಲ್ಕು ಸೆಕೆಂಡ್ ಆಗಿರಲಿಲ್ಲ, "ಇದು ಶುರು ಮಾಡೋ ಟ್ಯೂನ್ ಕಣೋ" ಅಂದರು. ಅವರ ಪಾಲಿಗೆ ಅದರ ಹೆಸರೇ ಅದು. ಕಾರ್ಯಕ್ರಮ ಶುರುವಾಗೋಕೆ ಮುಂಚೆ ನುಡಿಸೋದು. ಯಾರೋ ಕೊಟ್ಟ ಕ್ಯಾಸೆಟ್‌ನಿಂದ ಕಲಿತಿದ್ದಂತೆ. ಮೇಲೆ ಬಾಲ್‌ಪೆನ್ನಿನಲ್ಲಿ 'ಇಂಗ್ಲಿಷ್ ಮ್ಯೂಸಿಕ್' ಅಂತ ಮಾತ್ರ ಬರೆದಿತ್ತಂತೆ. ಶಾಡೋಸ್ ಅನ್ನೋ ಹೆಸರು ಅವರು ಕೇಳಿದ್ದು ನನ್ನ ಬಾಯಲ್ಲೇ ಮೊದಲು.

ಈಗ ಆ ಕೆಲಸ ಇಲ್ಲ. ಮೊದಲು ಕೀಬೋರ್ಡ್ ಬಂದು ಬೇಸ್‌ನವನನ್ನೂ ಡ್ರಮ್ಸ್‌ನವನನ್ನೂ ಮನೆಗೆ ಕಳಿಸ್ತು. ಆಮೇಲೆ ಕರೋಕೆ ಟ್ರ್ಯಾಕ್ ಬಂದು ಕೀಬೋರ್ಡ್‌ನವನನ್ನೂ ಕಳಿಸ್ತು. ಒಂದು ಲ್ಯಾಪ್‌ಟಾಪ್, ಇಬ್ಬರು ಗಾಯಕರು, ಮುಗೀತು. ಗಣಪತಿ ಸಮಿತಿಯೋರನ್ನ ಬೈಯೋಕಾಗಲ್ಲ, ಎಂಟು ಜನರಿಗೆ ಊಟ, ಗಾಡಿ, ಸಂಭಾವನೆ ಎಲ್ಲಿಂದ ತರ್ತಾರೆ? ಆದರೆ ಟ್ರ್ಯಾಕ್ ಹಾಕೋ ಕಾರ್ಯಕ್ರಮದಲ್ಲಿ ಆ ಶುರು ಮಾಡೋ ಟ್ಯೂನ್ ಇರಲ್ಲ. ನೇರ ಮೊದಲ ಹಾಡಿಗೇ ಹೋಗ್ತಾರೆ. ವಾದ್ಯದವರು ಒಂದೇ ಒಂದು ಸಲ ಮುಂದೆ ಬರ್ತಿದ್ದ ಆ ಐದು ನಿಮಿಷವೇ ಮೊದಲು ಹೋಗಿದ್ದು.

ಮಾಮ ನುಡಿಸಿದ್ದರ ಒಂದೂ ರೆಕಾರ್ಡಿಂಗ್ ಇಲ್ಲ. ಮೂವತ್ತು ವರ್ಷದ್ದು, ಒಂದೂ ಇಲ್ಲ. ಅದಕ್ಕೆ ನಾನು ಫೋನ್ ಇಟ್ಟುಕೊಂಡು ಕೂತೆ. ಗಿಟಾರಿಗೆ ಹೊಸ ತಂತಿ ಹಾಕಿಸಿದ್ವಿ. ಬೆರಳು ಮೊದಲಿನ ಹಾಗಿಲ್ಲ ಅಂತ ಎರಡು ದಿನ ಸತಾಯಿಸಿದರು, ಮೂರನೇ ದಿನ ನುಡಿಸಿದರು. 'ಅಪಾಚೆ' ಹೇಗಿದೆಯೋ ಹಾಗಲ್ಲ. ಕೊನೆಯಲ್ಲಿ ಸ್ವರ ಇಳಿಯೋ ಕಡೆ ಅವರದೇ ಒಂದು ತಿರುವು ಇದೆ, ಹ್ಯಾಂಕ್ ಮಾರ್ವಿನ್ ನುಡಿಸಿದ್ದರಲ್ಲಿ ಅದು ಇಲ್ಲ. ಎಲ್ಲಿಂದ ಬಂತು ಅಂತ ಕೇಳಿದ್ರೆ, "ಜನ ಕೂತಿರ್ತಿರಲಿಲ್ಲ, ಇನ್ನೊಂದು ಸುತ್ತು ಎಳೀಬೇಕಿತ್ತು, ಎಳೆದೆ" ಅಂದರು.

ಈ ಎಪಿಸೋಡಿನಲ್ಲಿ ಅವರ ಹೆಸರು ಹೇಳ್ತೀನಿ ಅಂತ ಹಟ ಹಿಡಿದೆ. ಇಷ್ಟೊತ್ತು ಹೆಸರಿನ ಬಗ್ಗೆ ಭಾಷಣ ಮಾಡಿದವನು ನಾನು. ಅವರು ಒಪ್ಪಲಿಲ್ಲ. "ಹೆಸರು ಬೇಡ, ಎಕೋ ಸ್ವಲ್ಪ ಜಾಸ್ತಿ ಇಡು" ಅಂದರು. ನಾನು ಎಡಿಟಿಂಗ್‌ನಲ್ಲಿ ಎಕೋ ಜಾಸ್ತಿ ಇಟ್ಟಿದ್ದೀನಿ. ಎರಡೂವರೆ ನಿಮಿಷ ಇದೆ. ನಡುವೆ ಹುಬ್ಬಳ್ಳಿ ಕಡೆ ಹೋಗೋ ಒಂದು ಗಾಡಿಯ ಹಾರ್ನ್ ಸೇರ್ಕೊಂಡಿದೆ, ಅದನ್ನ ತೆಗೆದಿಲ್ಲ. ಕೇಳಿ.